ಪೂರ್ವಾನುಮತಿಯಿಲ್ಲದೆ ಗ್ರಹಯುದ್ಧ ನಿಲ್ಲಿಸಿರುವ ಕುರಿತು

ಶ್ರವಣ ಇಲಾಖೆ
ಧ್ವನಿನಾಟಕ ಶಾಖೆ (ವೈಜ್ಞಾನಿಕ ಕಲ್ಪನೆ ಮತ್ತು ಇತರೆ ಗದ್ದಲ)

ಸಂಖ್ಯೆ: ಶ್ರ.ಇ./ಧ್ವ.ನಾ./ಯುದ್ಧ/ಅತಿ ತುರ್ತು/ತಡವಾಗಿ

ಸುತ್ತೋಲೆ

ವಿಷಯ: ‘ಧೂಳುಗ್ರಹದ ಸಮರ’ ಎಂಬ ವೈಜ್ಞಾನಿಕ ಧ್ವನಿನಾಟಕದಲ್ಲಿ ಮಂಜೂರಾದ ಯುದ್ಧವನ್ನು ಸಿಬ್ಬಂದಿಯು ನೇರ ಪ್ರಸಾರದಲ್ಲೇ ನಿಲ್ಲಿಸಿ ಊಟಕ್ಕೆ ಕುಳಿತಿರುವ ಬಗ್ಗೆ.

ಉಲ್ಲೇಖ:
1. ಸದರಿ ಯುದ್ಧವನ್ನು ಆರ್ಥಿಕ ವರ್ಷದ ಕೊನೆಯವರೆಗೆ ಮುಂದುವರಿಸಲು ನೀಡಲಾಗಿರುವ ಮಂಜೂರಾತಿ.
2. ಬಾಂಬಿನ ಸದ್ದು ಯಾರೋ ಮಂಚದಿಂದ ಬಿದ್ದಂತಿದೆ ಎಂದು ಕೇಳುಗರು ಬರೆದಿರುವ ದೂರುಗಳು.
3. ವಿಚಾರಣಾಧಿಕಾರಿಗಳ ವರದಿ (ಅದರ ಮೇಲೆ ಚೆಲ್ಲಿರುವ ಚಹಾ ಸಹಿತ).

ಪ್ರಸ್ತಾವನೆ:

ಪ್ರಸ್ತಾವನೆಯು ಅರ್ಧ ಪುಟ ಮೀರತಕ್ಕದ್ದಲ್ಲ ಎಂಬ ನಿಯಮವಿರುತ್ತದೆ. ಆದರೆ ಇದೇ ವಿಷಯವಾಗಿ ಅರ್ಧ ಪುಟದಲ್ಲಿ ಹೊರಡಿಸಿದ ಹಿಂದಿನ ಸುತ್ತೋಲೆಯನ್ನು ಓದಿದ ಸಿಬ್ಬಂದಿಯು ನಿಜವಾದ ಯುದ್ಧವೇ ಶುರುವಾಗಿದೆಯೆಂದು ತಿಳಿದು ಮಧ್ಯಾಹ್ನವೇ ಮನೆಗೆ ಹೋಗಿರುವುದರಿಂದ, ಈ ಬಾರಿ ನಡೆದದ್ದನ್ನು ನಡೆದ ಹಾಗೆಯೇ ಬಿಡಿಸಿ ಹೇಳಲು ಮೇಲಧಿಕಾರಿಗಳ ಮೌಖಿಕ ಅನುಮತಿ ಪಡೆಯಲಾಗಿದೆ.

ಸದರಿ ನಾಟಕವು ವಾರದ ಎಲ್ಲ ಸಂಜೆಗಳಂದು ನೇರ ಪ್ರಸಾರವಾಗುತ್ತಿರುತ್ತದೆ. ಧ್ವನಿಮುದ್ರಣ ಯಂತ್ರವು ರಿಪೇರಿಗೆ ಹೋಗಿದ್ದು, ರಿಪೇರಿ ಮಾಡುವವನು ನಿವೃತ್ತನಾಗಿರುವುದೇ ಇದಕ್ಕೆ ಕಾರಣ. ನೀಲಗ್ರಹಕ್ಕೂ ಧೂಳುಗ್ರಹಕ್ಕೂ ನಡುವೆ ಒಂದು ಚಂದ್ರ ಇದೆ. ಆ ಚಂದ್ರನ ನೆರಳು ಯಾರಿಗೆ ಸೇರಬೇಕು ಎಂಬುದೇ ಜಗಳ. ನೀಲಗ್ರಹದ ದಂಡನಾಯಕನ ಪಾತ್ರ ಮಾಡುವವರು ಹಗಲಲ್ಲಿ ಔಷಧಿ ಅಂಗಡಿ ನಡೆಸುತ್ತಾರೆ. ಕೆಮ್ಮಿನ ಸಿರಪ್ಪನ್ನು ಎಷ್ಟು ಚಮಚ ಕುಡಿಯಬೇಕೆಂದು ಇವರು ಹೇಳಿದರೆ ಬೀದಿಯ ಆ ತುದಿಗೂ ಕೇಳಿಸುವುದರಿಂದ ಜನ ಇವರನ್ನು ಗುಡುಗಪ್ಪ ಎನ್ನುತ್ತಾರೆ. ಧೂಳುಗ್ರಹದ ಮಹಾರಾಣಿಯ ಪಾತ್ರ ಮಾಡುವವರು ಆಸ್ಪತ್ರೆಯೊಂದರ ದಾದಿ. ಮಹಾರಾಣಿ ಮೂರು ಗ್ರಹ ಸುಟ್ಟ ಮಾರನೆಯ ದಿನ ಆಸ್ಪತ್ರೆಯ ರೋಗಿಗಳು ಇವರ ಕೈಯಿಂದ ಸೂಜಿ ಚುಚ್ಚಿಸಿಕೊಳ್ಳಲು ಒಪ್ಪಲಿಲ್ಲವೆಂದು ಆಸ್ಪತ್ರೆಯವರು ಪತ್ರ ಬರೆದಿರುತ್ತಾರೆ.

ಇನ್ನು ಉಳಿದದ್ದು ಸದ್ದು. ಅದನ್ನು ಮಾಡುವವಳು ಕಚೇರಿ ದಾಖಲೆಗಳಲ್ಲಿ ‘ಧ್ವನಿ ಪರಿಣಾಮ ಸಹಾಯಕಿ’, ಎಲ್ಲರ ಬಾಯಲ್ಲಿ ಸದ್ದಿನಕ್ಕ.

ಸದ್ದಿನಕ್ಕನ ಬಳಿ ಒಂದು ಖಾಲಿ ಎಣ್ಣೆ ಡ್ರಮ್ಮು, ಒಂದು ತಗಡಿನ ಹಾಳೆ, ಹಳೆಯ ಮಂಚದ ಸ್ಪ್ರಿಂಗು, ಕ್ಯಾಂಟೀನಿನ ಚಮಚಗಳು ಮತ್ತು ಬಾಗಿಲು ಕಿರುಗುಟ್ಟುವ ಒಂದು ಕಬ್ಬಿಣದ ಬೀರು ಇರುತ್ತವೆ. ಸ್ಪ್ರಿಂಗಿಗೆ ಚಮಚದಿಂದ ಹೊಡೆದರೆ ಕಿರಣಬಂದೂಕು. ಬೀರುವಿನ ಬಾಗಿಲು ತೆರೆದರೆ ಅಂತರಿಕ್ಷ ನೌಕೆಯ ಬಾಗಿಲು. ಮೂಲಂಗಿ ಮುರಿದರೆ ಸೈನಿಕನ ಮೂಳೆ; ಮುರಿದ ಮೂಲಂಗಿಯನ್ನು ಅವಳು ಮನೆಗೆ ಒಯ್ದು ಸಾರು ಮಾಡುತ್ತಾಳೆಂಬ ದೂರನ್ನು ಪರಿಶೀಲಿಸಿ ಕೈಬಿಡಲಾಗಿದೆ. ಆದರೆ ಅವಳಿಗೆ ಹೆಸರು ತಂದುಕೊಟ್ಟದ್ದು ಬಾಂಬು. ಡ್ರಮ್ಮಿನ ಹೊಟ್ಟೆಗೆ ಬಟ್ಟೆ ಸುತ್ತಿದ ಕೋಲಿನಿಂದ ಒಂದು ಏಟು, ಆ ಏಟು ಆರುವ ಮೊದಲೇ ತಗಡಿನ ಹಾಳೆಗೆ ಒಂದು ನಡುಕ. ಮೊದಲ ಬಾಂಬಿಗೇ ಎದುರು ಕಟ್ಟಡದ ಗಾಜು ಒರೆಸುವವನು ಏಣಿ ಇಳಿದು ಹೋದವನು ಆ ದಿನ ಮತ್ತೆ ಹತ್ತಲಿಲ್ಲ. ಇಲಾಖೆಯು ಅವಳಿಗೆ ಪ್ರಶಂಸಾ ಪತ್ರ ಕೊಟ್ಟಿತು. ಅವಳೂ ಬೀಗಿದಳು. ಬೀಗುವುದಕ್ಕೆ ನಿಯಮಗಳಲ್ಲಿ ಅಡ್ಡಿಯಿಲ್ಲ.

ಸದ್ದಿನಕ್ಕನ ಗಂಡ ಸರಕು ಹಡಗಿನಲ್ಲಿ ಕೆಲಸದಲ್ಲಿದ್ದು, ಮನೆಗೆ ಬರುವುದಕ್ಕಿಂತ ಮನೆಗೆ ಬರುತ್ತೇನೆಂದು ಹೇಳುವುದೇ ಹೆಚ್ಚು. ಮನೆಯಲ್ಲಿರುವುದು ಅವಳು ಮತ್ತು ಅವಳ ಮಾವ. ಮಾವ ವಯಸ್ಸಿನಲ್ಲಿ ಸೈನಿಕನಾಗಿದ್ದವರು, ನಿಜವಾದ ಯುದ್ಧವೊಂದನ್ನು ನೋಡಿ ಬಂದವರು. ಅದರ ಬಗ್ಗೆ ಯಾರು ಕೇಳಿದರೂ ಅವರದು ಒಂದೇ ಮಾತು: “ಕೊಟ್ಟಿದ್ದ ಕಾಲುಚೀಲ ಸರಿ ಇರ್ಲಿಲ್ಲ.” ಮದುವೆಯಾಗಿ ಬಂದಂದಿನಿಂದ ಸದ್ದಿನಕ್ಕ ಕೇಳಿದ್ದು ಅಷ್ಟೇ. ಆ ಯುದ್ಧವೆಂದರೆ ಕೆಟ್ಟ ಕಾಲುಚೀಲ ಎಂದೇ ಅವಳೂ ತಿಳಿದಿದ್ದಳು.

ಹೀಗಿರುವಲ್ಲಿ, ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಪಕ್ಕದ ಮನೆಯಾಕೆ ಕೊಡ ಇಳಿಸಿ, “ಕೇಳ್ಬಾರ್ದು, ಆದ್ರೂ ಕೇಳ್ತೀನಿ. ನಿಮ್ಮ ಮಾವ ದಿನಾ ಸಂಜೆ ಮೇಜಿನ ಕೆಳಗೆ ಏನು ಹುಡುಕ್ತಾರೆ?” ಎಂದು ಕೇಳಿರುತ್ತಾರೆ.

“ಯಾವಾಗ?”

“ನಿಮ್ಮ ನಾಟಕ ಬರೋ ಹೊತ್ತಿಗೆ. ಕಿಟಕಿಯಿಂದ ಕಾಣ್ಸುತ್ತೆ. ರೇಡಿಯೋ ಹಾಕ್ತಾರೆ, ಸೀದಾ ಮೇಜಿನ ಕೆಳಗೆ ಹೋಗ್ತಾರೆ. ನಾಟಕ ಮುಗಿದ ಮೇಲೆ ಬರ್ತಾರೆ. ಏನಾದ್ರೂ ಬಿದ್ದುಹೋಗಿದ್ರೆ ನಮ್ಮ ಹುಡುಗನ್ನ ಕಳಿಸ್ತೀನಿ, ಅವನ ಕಣ್ಣು ಚುರುಕು.”

ಸದ್ದಿನಕ್ಕನಿಗೆ ಕೊಡ ತುಂಬಿ ಹರಿದದ್ದೂ ತಿಳಿಯಲಿಲ್ಲ. ಆ ದಿನ ಕಚೇರಿಯಿಂದ ಬಂದವಳು, ಮಾವನಿಗೆ ಬಡಿಸಿ, ಅವರು ಎರಡು ತುತ್ತು ತಿನ್ನುವವರೆಗೆ ಕಾದು ಕೇಳಿದಳು.

“ಮಾವ, ನಾಟಕ ಶುರುವಾದ್ರೆ ಮೇಜಿನ ಕೆಳಗೆ ಹೋಗ್ತೀರಂತೆ?”

ಮಾವ ತಟ್ಟೆ ನೋಡಿದರು. “ಕೂತ್ಕೊಳ್ತೀನಿ ಅಷ್ಟೇ. ಅಲ್ಲೂ ಚೆನ್ನಾಗೇ ಕೇಳಿಸುತ್ತೆ.”

“ರೇಡಿಯೋ ಆರಿಸಿಬಿಡಬಹುದಲ್ಲ?”

“ಅದೆಂಥ ಮಾತು. ಮನೆ ಸೊಸೆ ದುಡಿಮೆ ಅದು. ಊರೆಲ್ಲ ಕೇಳೋದನ್ನ ಮಾವನೇ ಕೇಳದೆ ಇದ್ರೆ ಹೇಗೆ?” ಎಂದವರು, “ಇವತ್ತಿನ ಎರಡನೇ ಬಾಂಬು ಬಹಳ ಚೆನ್ನಾಗಿತ್ತು” ಎಂದು ಸೇರಿಸಿದರು. ಹಾಗೆನ್ನುವಾಗ ಅವರ ಕೈಯಲ್ಲಿದ್ದ ನೀರಿನ ಲೋಟ ತಟ್ಟೆಯ ಅಂಚಿಗೆ ತಾಗಿ ಟಿಣ್ ಟಿಣ್ ಎನ್ನುತ್ತಿತ್ತು. ಇಂಥ ಸದ್ದನ್ನು ಸದ್ದಿನಕ್ಕ ಯಾವ ಚಮಚದಿಂದಲೂ ಮಾಡಿದವಳಲ್ಲ.

ಮಾರನೆಯ ದಿನದಿಂದ ಬಾಂಬುಗಳ ಗುಣಮಟ್ಟ ಕುಸಿಯತೊಡಗಿದ್ದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಮೊದಲು ಡ್ರಮ್ಮಿನ ಮೇಲೆ ಒಂದು ಟವೆಲ್ ಬಂತು. ಆಮೇಲೆ ದುಪ್ಪಟಿ. ಆಮೇಲೆ ಅವಳ ಮನೆಯ ಹಾಸಿಗೆಯೇ ಬಂತು. ಧೂಳುಗ್ರಹದ ಶಸ್ತ್ರಾಗಾರ ಸಿಡಿದ ದಿನ ಕೇಳುಗರೊಬ್ಬರು ಪತ್ರ ಬರೆದು, ಶಸ್ತ್ರಾಗಾರಕ್ಕೆ ಪೆಟ್ಟಾಗಿಲ್ಲ ತಾನೇ ಎಂದು ವಿಚಾರಿಸಿದ್ದಾರೆ. ನಾಟಕವನ್ನು ಬರೆದು ಆಡಿಸುವ ನಾಟಕಕಾರರಂತೂ ಕೆಂಡವಾದರು.

“ಗ್ರಹ ಒಡೆಯೋದು ಅಂದ್ರೆ ಬಿಸ್ಕತ್ತು ಮುರಿದ ಹಾಗಾ? ನಾನು ರಾತ್ರಿಯಿಡೀ ಕೂತು ಕೊಲ್ತೀನಿ, ನೀನು ಎಲ್ಲರನ್ನೂ ಹಾಸಿಗೆ ಮೇಲೆ ಬೀಳಿಸ್ತೀಯ.”

“ಡ್ರಮ್ಮು ಹಳೇದಾಯ್ತು ಸಾರ್.”

“ಡ್ರಮ್ಮಿಗೆ ಏನೂ ಆಗಿಲ್ಲ. ನಾಳೆ ನೀಲಗ್ರಹದವರು ಮಹಾರಾಣಿ ರಾಜಧಾನಿ ಮೇಲೆ ದೊಡ್ಡ ಬಾಂಬು ಹಾಕ್ತಾರೆ. ನಲವತ್ತು ಸಾವಿರ ಜನ ಸಾಯ್ತಾರೆ, ಒಂದೇ ಏಟಿಗೆ. ಆ ಏಟು ನನಗೆ ಎದೆಯಲ್ಲಿ ಕೇಳಿಸ್ಬೇಕು. ಇಲ್ಲಾಂದ್ರೆ ನೀನು ನಾಡಿದ್ದಿನಿಂದ ಸಮಯ ಸೂಚನೆಗೆ ಹೋಗು. ಗಂಟೆಗೊಂದ್ಸಲ ಪೀಂ ಅನ್ಸು, ಉಳಿದ ಹೊತ್ತು ಗೋಡೆ ನೋಡು.”

ಸಮಯ ಸೂಚನೆ ವಿಭಾಗಕ್ಕೆ ಹೋದವರು ಯಾರೂ ಇದುವರೆಗೆ ಹಿಂತಿರುಗಿ ಬಂದಿಲ್ಲವೆಂಬುದು ಸಿಬ್ಬಂದಿಗೆ ತಿಳಿದ ವಿಷಯವೇ. ಸದ್ದಿನಕ್ಕನಿಗೆ ಆ ಕೋಲು, ಆ ತಗಡು ಬಿಟ್ಟರೆ ಬೇರೆ ಲೋಕವಿಲ್ಲ. ಅವಳು ಮನೆಗೆ ಹೋಗಿ, ನಾಳೆ ಒಂದು ದಿನ ರೇಡಿಯೋ ಹಾಕಬೇಡಿ ಎಂದು ಮಾವನಿಗೆ ಹೇಳಿದಳು. ಮಾವ, “ದೊಡ್ಡದಿದೆಯಾ?” ಎಂದರು. ಅವಳು ಹೂಂ ಅಂದಳು. “ಹಾಗಾದ್ರೆ ಕೇಳಲೇಬೇಕು” ಎಂದು ಮಾವ ಮಲಗಲು ಹೋದರು. ಬೆಳಿಗ್ಗೆ ಅವಳು ಏಳುವಷ್ಟರಲ್ಲಿ ಮೇಜಿನ ಕೆಳಗೆ ಒಂದು ದಿಂಬು ಬಂದು ಕೂತಿತ್ತು.

ಘಟನೆಯ ದಿನ ಸ್ಟುಡಿಯೋದಲ್ಲಿ ಹಾಸಿಗೆ, ದುಪ್ಪಟಿ, ಟವೆಲ್ ಯಾವುದೂ ಇರಲಿಲ್ಲ. ನಾಟಕಕಾರರೇ ಡ್ರಮ್ಮನ್ನು ಬಟ್ಟೆಯಿಂದ ಒರೆಸಿ ಇಟ್ಟಿದ್ದರು. ದೀಪ ಕೆಂಪಾಯಿತು. ಗುಡುಗಪ್ಪ ಮೈಕಿನ ಮುಂದೆ ಎದೆಯುಬ್ಬಿಸಿ, ನೀಲಗ್ರಹದ ಹಿರಿಮೆಯನ್ನು ಹೊಗಳಿ, ಶತ್ರುವಿನ ರಾಜಧಾನಿಯನ್ನು ಬೂದಿ ಮಾಡುವುದಾಗಿ ಪಣ ತೊಟ್ಟು, “ಹಾರಿಸು” ಎಂದು ಆಜ್ಞೆ ಮಾಡಿದರು.

ಸದ್ದಿನಕ್ಕ ಕೋಲು ಎತ್ತಿದಳು. ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಅವಳ ಕಣ್ಣಿಗೆ ಡ್ರಮ್ಮು ಕಾಣಲಿಲ್ಲ; ಮೇಜಿನ ನಾಲ್ಕು ಕಾಲು, ನಡುವೆ ಒಂದು ದಿಂಬು ಕಂಡಿತು.

“ಹಾರಿಸು” ಎಂದರು ಗುಡುಗಪ್ಪ, ಇನ್ನೂ ಜೋರಾಗಿ.

ಅವಳು ಕೋಲನ್ನು ಸದ್ದಾಗದಂತೆ ಕೆಳಗಿಟ್ಟಳು.

ಗಾಜಿನ ಆಚೆ ನಾಟಕಕಾರರು ಎರಡೂ ಕೈಗಳಿಂದ ಗಾಳಿಯಲ್ಲಿ ಡ್ರಮ್ಮು ಬಾರಿಸುತ್ತಿದ್ದರು. ಗುಡುಗಪ್ಪನವರಿಗೆ ಬರೆದದ್ದನ್ನು ಬಿಟ್ಟು ಬೇರೆ ಮಾತು ಗೊತ್ತಿಲ್ಲ. ಮೂರನೇ ಸಲವೂ “ಹಾರಿಸು” ಎಂದರು. ಈ ಬಾರಿ ಅಂಗಡಿಯಲ್ಲಿ ಚಿಲ್ಲರೆ ಕೇಳುವ ದನಿಯಲ್ಲಿ. ಬಾಂಬು ಬೀಳದೆ ರಾಜಧಾನಿ ಬೀಳುವಂತಿಲ್ಲ. ರಾಜಧಾನಿ ಬೀಳದೆ “ಅಯ್ಯೋ ನನ್ನ ನಗರವೇ” ಎಂದು ಮಹಾರಾಣಿ ಅಳುವಂತಿಲ್ಲ. ಇಡೀ ಊರಿನ ರೇಡಿಯೋಗಳಲ್ಲಿ ಗುಡುಗಪ್ಪನವರ ಉಸಿರು ಮಾತ್ರ ಕೇಳಿಸುತ್ತಿತ್ತು.

ಆಗ ದಾದಿ ಸದ್ದಿನಕ್ಕನ ಮುಖ ನೋಡಿದರು. ಮುಖ ನೋಡಿದರೆ ನಾಡಿ ನೋಡಿದಷ್ಟೇ ತಿಳಿಯುವ ಕೆಲಸ ಅವರದು. ನಿದ್ದೆಗೆಟ್ಟ, ಬಣ್ಣಗೆಟ್ಟ ಆ ಮುಖ ನೋಡಿ, ಮೈಕು ಮುಂದಿದೆಯೆಂಬುದೂ ಮರೆತು, ವಾರ್ಡಿನಲ್ಲಿ ದಿನಾ ಕೇಳುವ ಹಾಗೆ ಕೇಳಿಬಿಟ್ಟರು: “ಊಟ ಆಯ್ತಾ ನಿಮ್ಮದು?”

ಪ್ರಶ್ನೆ ತನಗೇ ಎಂದು ನೀಲಗ್ರಹದ ದಂಡನಾಯಕರು ತಿಳಿದರು. “ಇಲ್ಲ ಕಣಮ್ಮ, ಎಲ್ಲಿ ಆಗುತ್ತೆ. ಬೆಳಗ್ಗಿಂದ ಇದೇ ಯುದ್ಧ.”

ಮಹಾರಾಣಿ ಕೆಂಪು ದೀಪ ನೋಡಿದರು. ಇನ್ನು ಹಿಂದೆ ಸರಿಯುವಂತಿಲ್ಲ. “ಹೊಟ್ಟೆ ಹಸ್ಕೊಂಡು ಯಾಕೆ ಬಾಂಬು ಹಾಕ್ತೀರಿ? ಬನ್ನಿ, ಕೂತ್ಕೊಳ್ಳಿ. ನಮ್ಮಲ್ಲೂ ಯಾರದೂ ಆಗಿಲ್ಲ.”

“ಸೈನ್ಯ ಇದೆ ನನ್ನ ಜೊತೆ.”

“ಇರ್ಲಿ. ಕರ್ಕೊಂಡು ಬನ್ನಿ. ನೆರಳಿನ ವಿಚಾರ ಆಮೇಲೆ ನೋಡೋಣ.”

ಸದ್ದಿನಕ್ಕನ ಕೈ ತಾನಾಗಿ ಎದ್ದಿತು. ಬೀರುವಿನ ಬಾಗಿಲು ತೆರೆದಳು: ಅಂತರಿಕ್ಷ ನೌಕೆಯ ಬಾಗಿಲು ತೆರೆಯಿತು. ಕ್ಯಾಂಟೀನಿನ ತಟ್ಟೆಗಳನ್ನು ಒಂದೊಂದಾಗಿ ನೆಲದ ಮೇಲೆ ಇಟ್ಟಳು. ಹೂಜಿಯಿಂದ ಲೋಟಗಳಿಗೆ ನೀರು ಬಗ್ಗಿಸಿದಳು. ಕುರ್ಚಿ ಎಳೆದಳು, ಚಮಚ ಆಡಿಸಿದಳು. ಕಿರಣಬಂದೂಕಿನ ಸ್ಪ್ರಿಂಗಿಗೆ ಹೊಡೆಯುತ್ತಿದ್ದ ಅದೇ ಚಮಚ. ಉಳಿದ ಅವಧಿಯುದ್ದಕ್ಕೂ ಎರಡು ಗ್ರಹಗಳ ಸೇನೆಗಳು ಊಟ ಮಾಡಿರುತ್ತವೆ. ಗುಡುಗಪ್ಪನವರು ಎರಡು ಸಲ ಸಾಕೆಂದರೂ ಮಹಾರಾಣಿ ಬಡಿಸಿದ್ದು ದಾಖಲಾಗಿದೆ. ಕೊನೆಗೆ ಉದ್ಘೋಷಕರು ತಮ್ಮ ಮುಂದಿದ್ದ ಹಾಳೆಯಲ್ಲಿದ್ದಂತೆಯೇ “ಭೀಕರ ಕದನ ನಾಳೆಯೂ ಮುಂದುವರಿಯಲಿದೆ” ಎಂದು ಓದಿದರು.

ಸದರಿ ಸಂಜೆ ಮನೆಯಲ್ಲಿ ನಡೆದದ್ದನ್ನು ಪಕ್ಕದ ಮನೆಯಾಕೆಯ ಹೇಳಿಕೆಯಿಂದ ತಿಳಿಯಲಾಗಿದೆ. ಮೊದಲ “ಹಾರಿಸು”ವಿಗೆ ಮಾವ ಕಿವಿ ಮುಚ್ಚಿದರು. ಮೂರನೆಯದಕ್ಕೆ ಕೈ ತೆಗೆದರು. ತಟ್ಟೆಗಳ ಸದ್ದಿಗೆ ಮೇಜಿನ ಕೆಳಗಿನಿಂದ ತಲೆ ಹೊರಗೆ ಬಂತು. ನೀರು ಬಗ್ಗಿಸುವ ಸದ್ದಿಗೆ ಇಡೀ ಮನುಷ್ಯ ಹೊರಗೆ ಬಂದರು, ಮೊಣಕಾಲು ಕೊಡವಿಕೊಂಡರು, ಕೈ ತೊಳೆದು, ತಾವೇ ಬಡಿಸಿಕೊಂಡು ಊಟಕ್ಕೆ ಕುಳಿತರು.

ಇಲಾಖೆಗೆ ಮಾತ್ರ ಊಟ ಸೇರಲಿಲ್ಲ. ಆರ್ಥಿಕ ವರ್ಷ ಮುಗಿಯಲು ತಿಂಗಳುಗಳಿರುವಾಗ ಯುದ್ಧ ಮುಗಿದುಹೋದರೆ ಉಳಿದ ಬಾಂಬುಗಳನ್ನು ಯಾರ ತಲೆಗೆ ಕಟ್ಟುವುದು ಎಂಬ ಗಂಭೀರ ಪ್ರಶ್ನೆ ಎದ್ದಿತು. ವಿಚಾರಣಾಧಿಕಾರಿಗಳನ್ನು ನೇಮಿಸಲಾಯಿತು.

ಸದ್ದಿನಕ್ಕ ತನ್ನ ಹೇಳಿಕೆಯಲ್ಲಿ ಮೇಜಿನ ವಿಷಯ ಮುಚ್ಚಿಡದೆ ಹೇಳಿದ್ದರಿಂದ ಮಾವನನ್ನೂ ಸಾಕ್ಷಿಯಾಗಿ ಕರೆಸಲಾಯಿತು. ಅವರು ಇಸ್ತ್ರಿ ಮಾಡಿದ ಹಳೆಯ ಕೋಟು ತೊಟ್ಟು ಬಂದು ಸೊಸೆಯ ಪಕ್ಕದ ಕುರ್ಚಿಯಲ್ಲಿ ಕುಳಿತರು. ಕಳಪೆ ಬಾಂಬು ಯಾವುದು, ಉತ್ತಮ ಬಾಂಬು ಯಾವುದು ಎಂದು ತೀರ್ಮಾನಿಸಲು ಇಲಾಖೆಯ ಬಳಿ ಮಾನದಂಡವಿಲ್ಲದ್ದರಿಂದ ವಿಚಾರಣಾಧಿಕಾರಿಗಳು ಈ ಅವಕಾಶ ಬಳಸಿಕೊಳ್ಳಲು ಬಯಸಿದರು.

“ನೀವು ನಿಜವಾದದ್ದನ್ನ ಕೇಳಿದೋರು. ಅದು ಹೇಗಿರುತ್ತೆ ಅಂತ ಸ್ವಲ್ಪ ಹೇಳಿದ್ರೆ ನಾವು ಅದನ್ನೇ ಅಧಿಕೃತ ಸದ್ದು ಅಂತ ಮಾಡ್ತೀವಿ.”

“ಕಾಲುಚೀಲ ಸರಿ ಇರ್ಲಿಲ್ಲ” ಎಂದರು ಮಾವ.

“ಅದನ್ನ ಬರ್ಕೊಂಡಿದೀವಿ. ಸದ್ದು?”

ಮಾವ ಸೊಸೆಯ ಕಡೆ ನೋಡಿದರು. ಅವಳು ನೆಲ ನೋಡುತ್ತಿದ್ದಳು. ಅವಳ ಕೆಲಸ ಈಗ ತನ್ನ ನಾಲಿಗೆಯ ಮೇಲಿದೆ ಎಂಬುದು ಅವರಿಗೆ ಗೊತ್ತಾಯಿತೆಂದು ತೋರುತ್ತದೆ.

“ದೂರದ್ದಾದ್ರೆ ಇವಳು ಮಾಡೋ ಹಾಗೇ ಇರುತ್ತೆ ಸ್ವಾಮಿ. ಹತ್ತಿರ ಬಿದ್ದಿದ್ದಕ್ಕೆ ಸದ್ದು ಗೊತ್ತಾಗಲ್ಲ. ಆಮೇಲಿನದ್ದು ಗೊತ್ತಾಗುತ್ತೆ.”

“ಆಮೇಲೆ ಏನು ಸದ್ದು?”

“ಹೆಸರು ಕರೆಯೋದು. ಧೂಳು, ಏನೂ ಕಾಣಲ್ಲ. ಒಬ್ಬೊಬ್ಬರನ್ನೇ ಕರೀತೀವಿ. ಉದ್ದಪ್ಪ ಅಂದೆ. ಓ ಅಂದ. ಗೊರಕೆ ಅಂದೆ. ಅವನೂ ಓ ಅಂದ, ಜೊತೆಗೆ ಬೈದ. ಗುಬ್ಬಿ ಅಂದೆ.” ಮಾವ ಕೋಟಿನ ಗುಂಡಿ ತಿರುಗಿಸಿದರು. “ಗುಬ್ಬಿ ಅಂತ ಮೂರು ಸಲ ಕರೆದೆ. ನಾಲ್ಕನೇ ಸಲ ಕರೆಯೋಕೆ ಧೈರ್ಯ ಬರ್ಲಿಲ್ಲ.”

ಸದ್ದಿನಕ್ಕ ತಲೆ ಎತ್ತಿದಳು. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಉಂಡು ಮಲಗಿದ್ದರೂ ಆ ಹೆಸರು ಅವಳ ಕಿವಿಗೆ ಬಿದ್ದದ್ದು ಆಗಲೇ. ಮಾವನ ಕೋಟಿನ ತೋಳನ್ನು ಹಿಡಿದುಕೊಂಡಳು, ಬಸ್ಸಿನಲ್ಲಿ ಹಿಡಿದುಕೊಳ್ಳುವ ಹಾಗೆ. ವರದಿಯ ಮೇಲೆ ಚಹಾ ಚೆಲ್ಲಿದ್ದು ಈ ಹಂತದಲ್ಲಿ. ಚೆಲ್ಲಿದವರು ವಿಚಾರಣಾಧಿಕಾರಿಗಳೇ.

“ಇನ್ನೊಂದು ಚಹಾ ಸಿಗುತ್ತಾ?” ಎಂದು ಮಾವ ಕೇಳಿದ್ದರಿಂದ ವಿಚಾರಣೆಯನ್ನು ಮುಕ್ತಾಯಗೊಳಿಸಲಾಯಿತು.

ಮೇಲ್ಕಂಡ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಸಂಬಂಧಪಟ್ಟ ಎಲ್ಲರಿಗೂ ಈ ಕೆಳಕಂಡಂತೆ ಈ ಮೂಲಕ ಸೂಚಿಸಲಾಗಿದೆ:

1. ಯಾವುದೇ ಗ್ರಹ, ಉಪಗ್ರಹ ಅಥವಾ ನೆರಳಿಗೆ ಸಂಬಂಧಿಸಿದ ಯುದ್ಧವನ್ನು ಪೂರ್ವಾನುಮತಿಯಿಲ್ಲದೆ ನಿಲ್ಲಿಸತಕ್ಕದ್ದಲ್ಲ. ನಿಲ್ಲಿಸಬಯಸುವವರು ಶತ್ರುವಿನ ಒಪ್ಪಿಗೆ ಪತ್ರದೊಂದಿಗೆ ಒಂದು ತಿಂಗಳು ಮುಂಚಿತವಾಗಿ ಅರ್ಜಿ ಸಲ್ಲಿಸುವುದು. ಯುದ್ಧ ಪ್ರಾರಂಭಿಸಲು ಯಾವುದೇ ಅರ್ಜಿಯ ಅಗತ್ಯವಿರುವುದಿಲ್ಲ.

2. ಘಟನೆಯ ದಿನ ಯುದ್ಧ ನಿಂತಿಲ್ಲ. ಎರಡೂ ಸೇನೆಗಳು ಊಟದ ವಿರಾಮದಲ್ಲಿದ್ದವು ಎಂದು ಪರಿಗಣಿಸತಕ್ಕದ್ದು. ಉಭಯ ಸೇನೆಗಳು ಕೈ ತೊಳೆದ ಕೂಡಲೇ ವೈರತ್ವವು ತಾನಾಗಿಯೇ ಜಾರಿಗೆ ಬಂದಿರುತ್ತದೆ.

3. ಪ್ರಸಾರದ ವೇಳೆ ಶತ್ರುವನ್ನು ಊಟ ಆಯ್ತಾ ಎಂದು ಕೇಳತಕ್ಕದ್ದಲ್ಲ. ಅಕಸ್ಮಾತ್ ಕೇಳಿದಲ್ಲಿ, ಆಗಿರದಿದ್ದರೂ “ಆಯ್ತು” ಎನ್ನತಕ್ಕದ್ದು. “ಏನು ಅಡುಗೆ?” ಎಂದು ಮರುಪ್ರಶ್ನೆ ಕೇಳುವುದನ್ನು ಶರಣಾಗತಿ ಎಂದು ಭಾವಿಸಲಾಗುವುದು.

4. ಗ್ರಹ ಒಡೆಯುವ ಸದ್ದು ನಿರ್ದೇಶಕರ ಕೊಠಡಿಯ ಬಾಗಿಲು ಬಡಿದುಕೊಳ್ಳುವ ಸದ್ದನ್ನು ಮೀರತಕ್ಕದ್ದಲ್ಲ. ಬಾಂಬು ಸಿಡಿಯದಿದ್ದಲ್ಲಿ ಸದರಿ ಬಾಂಬಿನಿಂದ ಸಾಯಬೇಕಾಗಿದ್ದವರು ಮುಂದಿನ ಆದೇಶದವರೆಗೆ ಬದುಕಿರತಕ್ಕದ್ದು.

5. ವಿಚಾರಣೆಯಲ್ಲಿ ದೊರೆತ ತಾಂತ್ರಿಕ ಮಾಹಿತಿಯ ಮೇರೆಗೆ, ಬಾಂಬಿನ ಅಧಿಕೃತ ಸದ್ದು ಬಾಂಬಿನ ನಂತರದ ಸದ್ದೇ ಎಂದು ಅಂಗೀಕರಿಸಲಾಗಿದೆ. ಆದ್ದರಿಂದ ಪ್ರತಿ ಸ್ಫೋಟದ ಬಳಿಕ ಸಂಬಂಧಪಟ್ಟ ದಂಡನಾಯಕರು ಸತ್ತ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಮೂರು ಸಲ ಕರೆಯತಕ್ಕದ್ದು. ಪ್ರತಿ ಕರೆಯ ನಂತರ, ಓ ಎನ್ನಲು ಒಬ್ಬ ಮನುಷ್ಯನಿಗೆ ಬೇಕಾಗುವಷ್ಟು ಹೊತ್ತು ಕಾಯತಕ್ಕದ್ದು.

6. ಇದಕ್ಕಾಗಿ ಸಾಯುವ ಎಲ್ಲ ಪಾತ್ರಗಳಿಗೂ ನಾಟಕಕಾರರು ಹೆಸರಿಡತಕ್ಕದ್ದು. “ಸುಮಾರು”, “ಮುಂತಾದವರು”, “ಅಸಂಖ್ಯಾತ” ಎಂಬ ಪದಗಳನ್ನು ಒಪ್ಪಲಾಗುವುದಿಲ್ಲ. ಒಮ್ಮೆ ಸತ್ತ ಹೆಸರನ್ನು ಮತ್ತೊಬ್ಬರಿಗೆ ಇಡುವಂತಿಲ್ಲ.

7. ನಲವತ್ತು ಸಾವಿರ ಹೆಸರು ಹೊಂದಿಸುವುದು ಮನುಷ್ಯ ಮಾತ್ರದವರಿಂದ ಆಗದು, ಹೊಂದಿಸಿದರೂ ಮೂರು ಮೂರು ಸಲ ಕರೆಯುವಷ್ಟರಲ್ಲಿ ತಾನೇ ನಿವೃತ್ತನಾಗುತ್ತೇನೆ ಎಂದು ನಾಟಕಕಾರರು ಸಲ್ಲಿಸಿದ ಮನವಿಯನ್ನು ತಿರಸ್ಕರಿಸಲಾಗಿದೆ. ಹೆಸರಿಡಲಾಗದವರನ್ನು ಕೊಲ್ಲದೆ ಬಿಡಲು ಅವರು ಸ್ವತಂತ್ರರು. ಅವರು ಕ್ಯಾಂಟೀನಿನಲ್ಲಿ ಕುಳಿತು ಹೆಸರಿಡಲು ಶುರು ಮಾಡಿ, ಮೊದಲು ಗೊತ್ತಿಲ್ಲದವರ ಹೆಸರು, ನಂತರ ನೆರೆಹೊರೆಯವರ ಹೆಸರು ಮುಗಿದು, ತಮ್ಮ ಸ್ವಂತ ತಂಗಿಯ ಗಂಡನ ಹೆಸರಿಗೆ ಬಂದಾಗ ಪೆನ್ನು ಕೆಳಗಿಟ್ಟು ಎದ್ದು ಹೋದರೆಂದು ಕ್ಯಾಂಟೀನಿನವರು ತಿಳಿಸಿದ್ದಾರೆ. ಪರಿಷ್ಕೃತ ಹಸ್ತಪ್ರತಿ ಬಂದಿದೆ. ಅದರಲ್ಲಿ ಸಾಯುವವರ ಸಂಖ್ಯೆ: ಒಂದು.

8. ಗ್ರಹ ಸುಡುವಾಗಿನ ಮಹಾರಾಣಿಯ ನಗುವನ್ನು ಆಸ್ಪತ್ರೆಯ ಆವರಣದಲ್ಲಿ ಬಳಸತಕ್ಕದ್ದಲ್ಲ. ಕಿರಣಬಂದೂಕಿನ ಚಮಚಗಳನ್ನು ತೊಳೆದು ಕ್ಯಾಂಟೀನಿಗೆ ಮರಳಿಸತಕ್ಕದ್ದು.

9. ತಟ್ಟೆ, ಲೋಟ ಮತ್ತು ಹೂಜಿಯನ್ನು ಬೇಡಿಕೆ ಪತ್ರವಿಲ್ಲದೆ ಬಳಸಿದ್ದಕ್ಕಾಗಿ ಧ್ವನಿ ಪರಿಣಾಮ ಸಹಾಯಕಿಗೆ ಎಚ್ಚರಿಕೆ ನೀಡಲಾಗಿದೆ. ಅವಳನ್ನು ಸಮಯ ಸೂಚನೆಗೆ ವರ್ಗಾಯಿಸುವ ಪ್ರಸ್ತಾವವನ್ನು ಕೈಬಿಡಲಾಗಿದೆ. ಕರೆದ ಹೆಸರಿಗೆ ಉತ್ತರ ಬಾರದಿರುವುದೂ ಒಂದು ಸದ್ದೇ ಆಗಿರುವುದರಿಂದ ಅದರ ಹೊಣೆ ಅವಳದೇ. ಆ ಹೊತ್ತಿನಲ್ಲಿ ಅವಳು ಸಕಲ ಸಲಕರಣೆಗಳೊಂದಿಗೆ ಮೈಕಿನ ಮುಂದೆ ಹಾಜರಿದ್ದು, ಯಾವುದನ್ನೂ ಮುಟ್ಟದೆ ಕೆಲಸ ನಿರ್ವಹಿಸತಕ್ಕದ್ದು.

10. ಹೊಸ ನಿಯಮಗಳ ಪ್ರಕಾರ ಮೊದಲ ಸಂಚಿಕೆಯು ನಿನ್ನೆ ಪ್ರಸಾರವಾಗಿರುತ್ತದೆ. ಬಾಂಬು ಬಿದ್ದ ಬಳಿಕ ಗುಡುಗಪ್ಪನವರು ನೀಲಗ್ರಹದ ಸೈನಿಕ ಬುಗುರಿ ಎಂಬುವನನ್ನು ಮೂರು ಸಲ ಕರೆದರು. ಮೂರನೆಯ ಸಲ ಅವರು ನಿಯಮಾನುಸಾರ ಗುಡುಗದೆ, ಮಲಗಿದ ಮಗುವನ್ನು ಎಬ್ಬಿಸುವ ದನಿಯಲ್ಲಿ ಕರೆದಿದ್ದಕ್ಕೆ ವಿವರಣೆ ಕೇಳಲಾಗಿದೆ. ಸದ್ದಿನಕ್ಕ ಮೈಕಿನ ಮುಂದೆ ಕೈಕಟ್ಟಿ ನಿಂತಿದ್ದಳು. ಅಷ್ಟರಲ್ಲಿ, ಪಕ್ಕದ ಮನೆಯಾಕೆಯ ಮಾಹಿತಿಯಂತೆ, ಮಾಜಿ ಸೈನಿಕರೊಬ್ಬರು ತಮ್ಮ ಮನೆಯಲ್ಲಿ ಮೇಜಿನ ಕೆಳಗಲ್ಲದೆ ಮೇಜಿನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದವರು, ರೇಡಿಯೋದ ಕಡೆ ತಿರುಗಿ ಬೀದಿಗೆ ಕೇಳುವಂತೆ “ಓ” ಎಂದಿರುತ್ತಾರೆ. ಅದನ್ನು ಕೇಳಿ ಎದುರು ಮನೆಯವರೂ, ಅವರನ್ನು ಕೇಳಿ ಮೇಲಿನ ಮಹಡಿಯವರೂ “ಓ” ಎಂದಿದ್ದಾರೆ. ಸೊಸೆಯೇ ಮನೆಗೆ ಬಂದು ಕಾರಣ ಕೇಳಿದಾಗ ಅವರು, “ಪಾಪ, ಅಷ್ಟು ಸಲ ಕರೆದ. ಯಾರಾದ್ರೂ ಅನ್ನಬೇಕಲ್ಲಮ್ಮ” ಎಂದು ವಿವರಣೆ ನೀಡಿದ್ದಾರೆ. ಕಾನೂನು ವಿಭಾಗದ ಅಭಿಪ್ರಾಯ ಪಡೆಯಲಾಯಿತು. ಕರೆಗೆ ಉತ್ತರ ಬಂದಿರುವುದು ಸಾಕ್ಷಿಗಳಿಂದ ಸಾಬೀತಾಗಿರುವುದರಿಂದಲೂ, ಉತ್ತರ ಯಾರು ಕೊಡಬೇಕೆಂದು ಕಲಂ 5ರಲ್ಲಿ ಹೇಳದಿರುವುದರಿಂದಲೂ, ಸೈನಿಕ ಬುಗುರಿಯನ್ನು ಮೃತನೆಂದು ಪರಿಗಣಿಸಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ.

ಮೇಲಿನ ಸೂಚನೆಗಳನ್ನು ಚಾಚೂ ತಪ್ಪದೆ ಪಾಲಿಸತಕ್ಕದ್ದು. ತಪ್ಪಿದಲ್ಲಿ ಇನ್ನೊಂದು ಸುತ್ತೋಲೆ ಹೊರಡಿಸಲಾಗುವುದು.

(ಸಹಿ ಓದಲಾಗುತ್ತಿಲ್ಲ)
ಅಧೀಕ್ಷಕರು, ಧ್ವನಿನಾಟಕ ಶಾಖೆ
ನಿರ್ದೇಶಕರ ಪರವಾಗಿ (ಅವರು ಊಟಕ್ಕೆ ಹೋಗಿರುವುದರಿಂದ)

ಪ್ರತಿಗಳು:
1. ದಂಡನಾಯಕರು, ನೀಲಗ್ರಹ, ಔಷಧಿ ಅಂಗಡಿಯ ವಿಳಾಸಕ್ಕೆ.
2. ಮಹಾರಾಣಿಯವರು, ಧೂಳುಗ್ರಹ, ಹೆರಿಗೆ ವಾರ್ಡು, ಹಗಲು ಪಾಳಿ.
3. ನಾಟಕಕಾರರು, ಉಳಿದ ಮೂವತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಮಂದಿಯ ಕ್ಷೇಮ ಸಮಾಚಾರ ತಿಳಿಸುವ ಕೋರಿಕೆಯೊಂದಿಗೆ.
4. ಧ್ವನಿ ಪರಿಣಾಮ ಸಹಾಯಕಿ, ಓದಿ ಮಾವನವರಿಗೂ ತೋರಿಸಲು.
5. ಪಕ್ಕದ ಮನೆಯಾಕೆ, ಮಾಹಿತಿಗಾಗಿ (ಈಗಾಗಲೇ ಇರುತ್ತದೆ).
6. ಕಚೇರಿ ಕಡತಕ್ಕೆ.
7. ಸೈನಿಕ ಬುಗುರಿ, ನೀಲಗ್ರಹ, ಸದ್ಯಕ್ಕೆ ಮನೆಗೆ ಹೋಗಿ ಬರಬಹುದೆಂಬ ಸೂಚನೆಯೊಂದಿಗೆ.